ಅಂಬಾಸಿಡರ್‌ನ ಹಳೇ ಕಾರ್ಬೊರೇಟರ್: ಬದಲಿಸುವ ಮೊದಲು ಬಿಚ್ಚಿ ನೋಡಿ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ತಾಲ್ಲೂಕು. ದೊಡ್ಡಪ್ಪನವರ 1977ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಕಾರು ಐದಾರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿಸಿದ್ದೇವೆ. ಆದರೆ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಬಿಟ್ಟಾಗ, ಎಂಜಿನ್ ಓಡುತ್ತಾ ಇರುವುದಿಲ್ಲ, ಬಂದ್ ಆಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸುತ್ತದೆ. ಹೊಗೆ ಕಪ್ಪು, ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ಹನಿಯುತ್ತದೆ. ಆಗುಂಬೆ ಘಾಟಿ ಹತ್ತಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಅರ್ಧ ಗಂಟೆ ಬೇಕು. ಮೆಕ್ಯಾನಿಕ್ ಒಬ್ಬರು "ಇದು ಎಸ್.ಯು. ಕಾರ್ಬೊರೇಟರ್, ಇದರ ಕಥೆ ಮುಗೀತು, ಮಾರುತಿ 800ರದ್ದು ಕೂರಿಸಿ ಕೊಡ್ತೀನಿ" ಎನ್ನುತ್ತಾರೆ. ಹಾಗೆ ಮಾಡಿಸಬಹುದೇ? ಅಥವಾ ನಾನೇ ಬಿಚ್ಚಿ ಸರಿ ಮಾಡಬಹುದೇ? ಪಂಪ್‌ಸೆಟ್, ಔಷಧಿ ಹೊಡೆಯುವ ಮೆಷಿನ್ ಬಿಚ್ಚಿ ಜೋಡಿಸಿದ ಅಭ್ಯಾಸ ಇದೆ.

ಉತ್ತರ: ಮಾರುತಿ 800ರ ಕಾರ್ಬೊರೇಟರ್ ಬೇಡ. ಅದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್‌ಗೆ ಲೆಕ್ಕ ಹಾಕಿ ಮಾಡಿದ್ದು. ನಿಮ್ಮದು 1489 ಸಿಸಿ, ನಾಲ್ಕು ಸಿಲಿಂಡರ್. ನಡುವೆ ಒಂದು ಪ್ಲೇಟ್ ಕೊಟ್ಟು ಕೂರಿಸಿದರೆ ಗಾಡಿ ಓಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಜೆಟ್ಟು (ಪೆಟ್ರೋಲ್ ಬರುವ ಸಣ್ಣ ತೂತು), ಗಾಳಿ ಹೋಗುವ ದಾರಿ ಎಲ್ಲವೂ ಚಿಕ್ಕ ಎಂಜಿನ್ನಿನ ಅಳತೆಯವು. ಊರೊಳಗೆ ಗೊತ್ತಾಗದ ಕೊರತೆ ಘಾಟಿಯಲ್ಲಿ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ ಅಂದರೆ, ನೀವು ಬರೆದ ತೊಂದರೆಗಳಲ್ಲಿ ಒಂದೂ "ಕಥೆ ಮುಗೀತು" ಅನ್ನುವಂಥದ್ದಲ್ಲ. ಪ್ರತಿಯೊಂದಕ್ಕೂ ಒಂದೊಂದು ಗೊತ್ತಿರುವ ಕಾರಣ ಇದೆ, ಪ್ರತಿಯೊಂದಕ್ಕೂ ರಿಪೇರಿ ಇದೆ. ಪಂಪ್‌ಸೆಟ್ ಬಿಚ್ಚಿದ ಕೈಗೆ ಈ ಕೆಲಸ ಆಗುತ್ತದೆ. ಬೇಕಾದ್ದು ತಾಳ್ಮೆ, ಮತ್ತು ಯಾವುದಾದ ಮೇಲೆ ಯಾವುದು ಅನ್ನುವ ಕ್ರಮ.

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವುದು ಕಾರ್ಬೊರೇಟರ್. ಮೊದಲು ನಿಮ್ಮದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಿ. ಇದು ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ. ನಿಮ್ಮ ಗಾಡಿಯಲ್ಲಿರುವುದು ಎಸ್.ಯು. ಎಚ್‌ಎಸ್2, ಒಂದೂಕಾಲು ಇಂಚಿನದ್ದು. ಬೇರೆ ಕಾರ್ಬೊರೇಟರ್‌ಗಳಲ್ಲಿ ಸ್ಲೋಗೆ ಒಂದು ಜೆಟ್, ಓಟಕ್ಕೆ ಒಂದು ಜೆಟ್, ಪಿಕಪ್‌ಗೆ ಒಂದು ಪುಟ್ಟ ಪಂಪ್ ಇರುತ್ತವೆ. ಎಸ್.ಯು.ನಲ್ಲಿ ಎಲ್ಲಕ್ಕೂ ಸೇರಿ ಒಂದೇ ಜೆಟ್. ಮೇಲೆ ಗಂಟೆಯ ಆಕಾರದ ಅಲ್ಯುಮಿನಿಯಂ ಡ್ಯಾಶ್‌ಪಾಟ್ ಇದೆಯಲ್ಲ, ಅದರೊಳಗೆ ಒಂದು ಪಿಸ್ಟನ್ ಇದೆ. ಎಂಜಿನ್ ಜಾಸ್ತಿ ಗಾಳಿ ಎಳೆದಷ್ಟೂ ಆ ಪಿಸ್ಟನ್ ಮೇಲೇಳುತ್ತದೆ. ಪಿಸ್ಟನ್ ತಳದಲ್ಲಿ ತುದಿಗೆ ಹೋದಂತೆ ಸಣ್ಣಗಾಗುವ ನೀಡಲ್ ಇದೆ. ಅದು ಜೆಟ್ಟಿನ ತೂತಿನೊಳಗೆ ಇಳಿದಿರುತ್ತದೆ. ಪಿಸ್ಟನ್ ಏರಿದರೆ ನೀಡಲ್ ಏರುತ್ತದೆ, ತೂತು ಅಷ್ಟಷ್ಟೇ ದೊಡ್ಡದಾಗುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬರುತ್ತದೆ. ಇಷ್ಟೇ ಯಂತ್ರ. ಇದಕ್ಕಿಂತ ಸರಳವಾದ, ಇದಕ್ಕಿಂತ ಚೆಂದದ ಕಾರ್ಬೊರೇಟರ್ ಇನ್ನೊಂದಿಲ್ಲ ಅಂತ ನಾನು ಮನಸಾರೆ ನಂಬಿದ್ದೇನೆ.

ಇನ್ನು ಎರಡು ವಿಷಯ ಗೊತ್ತಿರಬೇಕು. ಡ್ಯಾಶ್‌ಪಾಟ್ ಮೇಲಿನ ಮುಚ್ಚಳ ಬಿಚ್ಚಿದರೆ ಅದಕ್ಕೇ ಅಂಟಿಕೊಂಡ ಒಂದು ಸಣ್ಣ ಕಡ್ಡಿ ಹೊರಗೆ ಬರುತ್ತದೆ. ಅದು ಡ್ಯಾಂಪರ್. ಅದು ಎಣ್ಣೆಯಲ್ಲಿ ಮುಳುಗಿರಬೇಕು. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ ಪಿಸ್ಟನ್ ಜಿಗಿದು ಮೇಲೆ ಹೋಗದಂತೆ ಈ ಎಣ್ಣೆ ತಡೆಯುತ್ತದೆ. ಆ ಒಂದು ಕ್ಷಣ ಮಿಕ್ಸ್ಚರ್ ತುಸು ರಿಚ್ ಆಗಿ, ಅಂದರೆ ಗಾಳಿಗೆ ಪೆಟ್ರೋಲ್ ಜಾಸ್ತಿಯಾಗಿ, ಪಿಕಪ್ ಸಿಗುತ್ತದೆ. ಎಣ್ಣೆ ಒಣಗಿದ್ದರೆ ಗಾಡಿ ಮುಗ್ಗರಿಸುತ್ತದೆ. ನಿಮ್ಮ ಎರಡನೇ ದೂರು ಬಹುಶಃ ಇಷ್ಟರದ್ದೇ. ಇನ್ನೊಂದು ಚೋಕ್. ಬೇರೆ ಗಾಡಿಗಳಲ್ಲಿ ಚೋಕ್ ಎಳೆದರೆ ಗಾಳಿಯ ದಾರಿಗೆ ಒಂದು ಬಿಲ್ಲೆ ಅಡ್ಡ ಬರುತ್ತದೆ. ಎಸ್.ಯು.ನಲ್ಲಿ ಅಂಥ ಬಿಲ್ಲೆ ಇಲ್ಲ. ಚೋಕ್ ಎಳೆದರೆ ಜೆಟ್ಟೇ ಕೆಳಗಿಳಿಯುತ್ತದೆ, ನೀಡಲ್ ಸುತ್ತಲಿನ ಸಂದು ದೊಡ್ಡದಾಗಿ ಪೆಟ್ರೋಲ್ ಜಾಸ್ತಿ ಬರುತ್ತದೆ. ನಿಂತ ಗಾಡಿಯಲ್ಲಿ ಕೇಬಲ್ ತುಕ್ಕು ಹಿಡಿದು, ಚೋಕ್ ಒತ್ತಿದರೂ ಜೆಟ್ ಪೂರ್ತಿ ಮೇಲೆ ಬರದೆ ನಿಲ್ಲುತ್ತದೆ. ಅಂದರೆ ನೀವು ಇಡೀ ದಿನ ಅರ್ಧ ಚೋಕ್‌ನಲ್ಲಿ ಓಡಿಸುತ್ತಿದ್ದೀರಿ. ಕಪ್ಪು ಹೊಗೆ ಬಾರದೆ ಇನ್ನೇನು ಬರುತ್ತದೆ? ಬಾನೆಟ್ ಎತ್ತಿ, ಕಾರ್ಬೊರೇಟರ್ ಅಡಿಯಲ್ಲಿ ಜೆಟ್ಟಿನ ತಲೆಯನ್ನು ಬೆರಳಿಂದ ಮೇಲಕ್ಕೆ ಒತ್ತಿ ನೋಡಿ. ಅದು ಇನ್ನೂ ಮೇಲೆ ಹೋಯಿತು ಅಂದರೆ ತೊಂದರೆ ಕೇಬಲ್‌ನದ್ದು.

ಈಗ ಕ್ರಮದ ಮಾತು. ಗಾಡಿ ಸರಿಯಾಗಿ ಓಡದಿದ್ದರೆ ಎಲ್ಲರೂ ಮೊದಲು ಸ್ಕ್ರೂಡ್ರೈವರ್ ಇಡುವುದು ಕಾರ್ಬೊರೇಟರ್‌ಗೆ. ಅದಕ್ಕೆ ಕೊನೆಯಲ್ಲಿ ಕೈ ಹಾಕಬೇಕು. ಮಲೆನಾಡಿನಲ್ಲಂತೂ ಇದನ್ನು ಒತ್ತಿ ಹೇಳುತ್ತೇನೆ. ಆಷಾಢ ಶ್ರಾವಣದಲ್ಲಿ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಒಳಗೆ ಪಸೆ ಕೂತು ಆಗುವ ಮಿಸ್ಸಿಂಗ್, ಕಾರ್ಬೊರೇಟರ್ ತೊಂದರೆಯ ಹಾಗೇ ಕಾಣುತ್ತದೆ. ಆದ್ದರಿಂದ ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವಲ್ಲಿನ ಸಂದು) ನೋಡಿ, 0.015 ಇಂಚು. ಡಿಸ್ಟ್ರಿಬ್ಯೂಟರ್ ಒಳಗಿನ ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ಗ್ಯಾಪೂ 0.015 ಇಂಚು. ಪ್ಲಗ್ ಗ್ಯಾಪ್ 0.025 ಇಂಚು. ಕ್ಯಾಪ್ ಒಣಗಿಸಿ ಒರೆಸಿ, ಬಿರುಕು ಇದೆಯಾ ನೋಡಿ. ಪ್ಲಗ್ ವೈರ್ ಹಳೇದಾಗಿದ್ದರೆ ಹೊಸದು ಹಾಕಿ. ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಹೊತ್ತು, ನೋಡಿ. ಇದಿಷ್ಟೂ ಸರಿ ಇಲ್ಲದ ಎಂಜಿನ್‌ಗೆ ಕಾರ್ಬೊರೇಟರ್ ಟ್ಯೂನ್ ಮಾಡಿದರೆ ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದ ಹಾಗಾಗುತ್ತದೆ. ನಾಳೆ ಪಾಯಿಂಟ್ ಬದಲಿಸಿದಾಗ ಮತ್ತೆ ಎಲ್ಲ ಕೆಡುತ್ತದೆ.

ಆಮೇಲೆ ಟ್ಯಾಂಕ್. ಐದಾರು ವರ್ಷದ ಪೆಟ್ರೋಲನ್ನು ಪೂರ್ತಿ ಇಳಿಸಿ. ಅದನ್ನು ಹೊಸದರ ಜೊತೆ ಬೆರೆಸಬೇಡಿ. ಟ್ಯಾಂಕ್ ತಳದ ತುಕ್ಕು, ನೀರು ತೆಗೆಯದೆ ಕಾರ್ಬೊರೇಟರ್ ತೊಳೆದರೆ ಮುಂದಿನ ವಾರ ಅದೇ ಕೊಳೆ ಮತ್ತೆ ಅಲ್ಲಿಗೇ ಬರುತ್ತದೆ. ಪಂಪ್ ಮತ್ತು ಕಾರ್ಬೊರೇಟರ್ ನಡುವೆ ಒಳಗಿನದು ಕಾಣುವಂಥ ಒಂದು ಸಣ್ಣ ಫಿಲ್ಟರ್ ಹಾಕಿಸಿ. ರಬ್ಬರ್ ಪೈಪ್ ಎಲ್ಲವನ್ನೂ ಬದಲಿಸಿ. ಈಗಿನ ಪೆಟ್ರೋಲಿನ ಎಥೆನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡಿ ಬಿರಿಯಿಸುತ್ತದೆ. ಪೈಪ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಬರೆದಿರುವುದು ಸಿಕ್ಕರೆ ಅದನ್ನೇ ತನ್ನಿ. ಪಂಪಿನ ಡಯಾಫ್ರಾಮ್ ಕೂಡ ಇದೇ ಕಾರಣಕ್ಕೆ ಹೊಸದಾಗಬೇಕು.

ಈಗ ಕಾರ್ಬೊರೇಟರ್ ಇಳಿಸಿ. ಏರ್ ಕ್ಲೀನರ್, ಪೆಟ್ರೋಲ್ ಪೈಪ್, ಚೋಕ್ ಮತ್ತು ಆಕ್ಸಿಲರೇಟರ್ ಕೊಂಡಿ, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ಬಿಚ್ಚಿದರೆ ಉಳಿಯುವುದು ಎರಡೇ ನಟ್. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಕೆಲಸ ಬೆಳಕಿರುವ ಜಗಲಿಯಲ್ಲೋ ಅಂಗಳದಲ್ಲೋ ಆಗಲಿ. ಬಚ್ಚಲ ಒಲೆ ಉರಿಯುವ ಕಡೆ ಹತ್ತಿರ ಕೂಡ ಬೇಡ. ಪೆಟ್ರೋಲ್ ಹಬೆ ನೆಲಕ್ಕೆ ಅಂಟಿಕೊಂಡು ದೂರ ಹರಿಯುತ್ತದೆ, ಬೆಂಕಿಯನ್ನು ಅದೇ ಹುಡುಕಿಕೊಂಡು ಹೋಗುತ್ತದೆ. ಪೆಟ್ರೋಲನ್ನು ಸ್ಟೀಲ್ ಬೋಗುಣಿಯಲ್ಲಿ ತೆಗೆದುಕೊಳ್ಳಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

ಡ್ಯಾಶ್‌ಪಾಟ್ ಎತ್ತುವ ಮೊದಲು ಅದು ಮತ್ತು ಕೆಳಗಿನ ಬಾಡಿ ಸೇರುವಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ. ಪಿಸ್ಟನ್ ಮತ್ತು ಡ್ಯಾಶ್‌ಪಾಟ್ ಜೋಡಿಯಾಗಿಯೇ ಅಳತೆ ಮಾಡಿ ತಯಾರಿಸಿದವು. ಬೇರೆ ಗಾಡಿಯ ಡ್ಯಾಶ್‌ಪಾಟ್ ಇದಕ್ಕೆ ಹೊಂದುವುದಿಲ್ಲ. ಇವೆರಡರ ನಡುವೆ ಕೂದಲಿನಷ್ಟು ಸಂದು ಇರುತ್ತದೆ, ಪಿಸ್ಟನ್ ಎಲ್ಲೂ ತಾಗದೆ ಓಡಾಡಬೇಕು. ಆದ್ದರಿಂದ ಒಳಗೆ ಎಮರಿ ಪೇಪರ್ ಹಾಕಿ ತಿಕ್ಕಬೇಡಿ, ಪಾಲಿಶ್ ಬೇಡ, ಎಣ್ಣೆ ಸವರುವುದೂ ಬೇಡ. ಪೆಟ್ರೋಲಿನಲ್ಲಿ ಅದ್ದಿದ ಮೆತ್ತನೆಯ ಬನಿಯನ್ ಬಟ್ಟೆಯಿಂದ ಒರೆಸಿ, ಸಾಕು. ಪಿಸ್ಟನ್ನಿನ ನಡುವಿನ ದಂಡಕ್ಕೆ ಮಾತ್ರ ಒಂದು ಹನಿ ತೆಳು ಎಣ್ಣೆ. ನಮ್ಮ ಕಡೆ ಹಿತ್ತಾಳೆ ಬೆಳಗುವ ಹಾಗೆ ಹುಣಸೆಹಣ್ಣು, ಹುಳಿನೀರು ಹಾಕಿ ಬಾಡಿ ತಿಕ್ಕುವವರಿದ್ದಾರೆ. ದಯವಿಟ್ಟು ಬೇಡ. ಹುಳಿ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ನಾಲ್ಕು ದಿನ ಫಳಫಳ ಹೊಳೆದು ಆಮೇಲೆ ಬಿಳಿ ಬೂಷ್ಟು ಬರುತ್ತದೆ.

ಬದಿಯಲ್ಲಿ ಪೆಟ್ರೋಲ್ ನಿಲ್ಲುವ ಸಣ್ಣ ಡಬ್ಬಿ ಫ್ಲೋಟ್ ಚೇಂಬರ್, ಒಳಗಿನ ತೇಲುವ ಫ್ಲೋಟ್ ಅದರ ಮಟ್ಟ ಕಾಯುತ್ತದೆ. ಅದರ ಮುಚ್ಚಳ ತೆಗೆದಾಗ ತಳದಲ್ಲಿ ಕಂದು ಬಣ್ಣದ ಮೇಣದಂಥ ಪದರ, ಅದರ ಕೆಳಗೆ ಬಿಳಿ ಪುಡಿ ಕಾಣಬಹುದು. ಕಂದು ಪದರ ಹಳೇ ಪೆಟ್ರೋಲಿನದ್ದು. ಬಿಳಿ ಪುಡಿ ನೀರು ಕೂತು ಲೋಹ ಸವೆದದ್ದು. ಎರಡನ್ನೂ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇಯಿಂದ ನೆನೆಸಿ, ಮರದ ಕಡ್ಡಿಯಿಂದ ಕೆರೆಯಿರಿ. ಮುಚ್ಚಳದ ಮೇಲೆ ಗಾಳಿಯಾಡುವ ಒಂದು ಸಣ್ಣ ನಳಿಗೆ ಇದೆ. ಅದರೊಳಗೆ ಊದಿ ನೋಡಿ. ಶೆಡ್ಡಿನಲ್ಲಿ ನಿಂತ ಗಾಡಿಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಡಜಗಳಿಗೆ ಇಂಥ ತೂತು ಬಲು ಇಷ್ಟ. ಅದು ಮುಚ್ಚಿದರೆ ಚೇಂಬರ್‌ಗೆ ಗಾಳಿ ಸಿಗದೆ ಪೆಟ್ರೋಲ್ ಸರಿಯಾಗಿ ಹರಿಯುವುದಿಲ್ಲ, ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಟ್ಯಾಂಕಿನ ಗಾಳಿ ತೂತನ್ನೂ ಇದೇ ಸಲ ನೋಡಿಬಿಡಿ.

ಪೆಟ್ರೋಲ್ ಹನಿಯುವುದಕ್ಕೆ ಎರಡು ಜಾಗ. ಒಂದು, ಮುಚ್ಚಳದೊಳಗಿನ ಫ್ಲೋಟ್ ನೀಡಲ್ ಮತ್ತು ಅದರ ಸೀಟ್. ನೀಡಲ್ ತುದಿಯಲ್ಲಿ ಬಳೆಯಂಥ ಗೆರೆ ಬಿದ್ದಿದ್ದರೆ ಅದು ಮುಚ್ಚಿಕೊಳ್ಳುತ್ತಿಲ್ಲ ಅಂತಲೇ ಅರ್ಥ. ಚೇಂಬರ್ ತುಂಬಿ ಓವರ್‌ಫ್ಲೋ ಆಗುತ್ತದೆ. ಹೊಸ ನೀಡಲ್, ಹೊಸ ಸೀಟ್, ಎರಡೂ ಒಟ್ಟಿಗೇ ಹಾಕಿ. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಅದೂ ಹೋಗಿದೆ. ಲೆವೆಲ್ ನೋಡಲು ಮುಚ್ಚಳವನ್ನು ತಲೆಕೆಳಗೆ ಹಿಡಿದು, ಅದರ ಅಂಚಿನ ಮೇಲೆ ಅಡ್ಡಲಾಗಿ 1/8 ಇಂಚಿನ ಡ್ರಿಲ್ ಬಿಟ್ ಇಡಿ. ಫ್ಲೋಟ್ ಅದಕ್ಕೆ ಈಗ ತಾಗಿತು ಅನ್ನುವ ಹಾಗೆ ಕೂರಬೇಕು. ಇನ್ನೊಂದು ಜಾಗ, ಚೇಂಬರ್‌ನಿಂದ ಜೆಟ್ಟಿಗೆ ಹೋಗುವ ನೈಲಾನ್ ಪೈಪ್. ಅದು ಚೇಂಬರ್ ಸೇರುವಲ್ಲಿ ಒಂದು ಸಣ್ಣ ರಬ್ಬರ್ ಇದೆ, ಅದು ಗಟ್ಟಿಯಾಗಿ ಬಿರಿದಿರುತ್ತದೆ. ಪೈಪಿಗೆ ಅಂಟಿಕೊಂಡೇ ಜೆಟ್ ಬರುವುದರಿಂದ ಹೊಸ ಜೆಟ್ ತಂದರೆ ಎಲ್ಲ ಒಟ್ಟಿಗೆ ಹೊಸದಾಗುತ್ತದೆ.

ಜೆಟ್ ಬದಲಿಸಿದರೆ ನೀಡಲ್ ಕೂಡ ಬದಲಿಸಿ. ಎರಡೂ ಒಂದಕ್ಕೊಂದು ಉಜ್ಜಿ ಸವೆದಿರುತ್ತವೆ. ತೂತು ದುಂಡಗಿರುವ ಬದಲು ಮೊಟ್ಟೆಯ ಆಕಾರ ಆಗಿರುವುದು ಭೂತಗನ್ನಡಿಯಲ್ಲಿ ಕಾಣುತ್ತದೆ. ನೀಡಲ್ಲಿನ ದಪ್ಪ ತುದಿಯಲ್ಲಿ ಸಣ್ಣ ಅಕ್ಷರಗಳು ಕೊರೆದಿರುತ್ತವೆ. ಅದನ್ನು ಬರೆದುಕೊಂಡು ಅದೇ ಅಕ್ಷರದ್ದನ್ನು ಕೇಳಿ. ಪಿಸ್ಟನ್‌ಗೆ ಕೂರಿಸುವಾಗ ನೀಡಲ್ಲಿನ ಭುಜ ಪಿಸ್ಟನ್ನಿನ ತಳಕ್ಕೆ ಸಮವಾಗಿರಬೇಕು, ಒಳಗೂ ಹೋಗಬಾರದು, ಹೊರಗೂ ಉಳಿಯಬಾರದು. ಸ್ಪೇರ್ ಸಿಗುತ್ತದಾ ಅನ್ನುವ ಭಯ ಬೇಡ. ಎಚ್‌ಎಸ್2 ನಮ್ಮ ಅಂಬಾಸಿಡರ್‌ಗೆ ಮಾತ್ರ ಬಂದದ್ದಲ್ಲ. ಬ್ರಿಟನ್ನಿನ ಮಿನಿ, ಮೋರಿಸ್ ಮೈನರ್ ಕಾರುಗಳಲ್ಲೂ ಇದೇ ಇತ್ತು. ಅಲ್ಲಿ ಆ ಕಾರುಗಳನ್ನು ಇವತ್ತಿಗೂ ಜನ ಓಡಿಸುತ್ತಾರೆ, ಹಾಗಾಗಿ ಕಿಟ್ ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ.

ಈಗ ಮುಖ್ಯವಾದ ಸವೆತಕ್ಕೆ ಬರೋಣ. ಸ್ಲೋದಲ್ಲಿ ನಿಲ್ಲದಿರುವುದಕ್ಕೆ ದೊಡ್ಡ ಕಾರಣ ಥ್ರಾಟಲ್ ಸ್ಪಿಂಡಲ್. ಆಕ್ಸಿಲರೇಟರ್ ಕೊಂಡಿ ಇರುವ ಆ ಅಡ್ಡ ದಂಡವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಆಟ ಸಿಕ್ಕರೆ ಅಲ್ಲಿಂದ ಕಳ್ಳ ಗಾಳಿ ಒಳಗೆ ಹೋಗುತ್ತಿದೆ. ಈ ಗಾಳಿಗೆ ಲೆಕ್ಕ ಇಲ್ಲ, ಒಂದೊಂದು ಸಲ ಒಂದೊಂದು ಥರ. ಆದ್ದರಿಂದ ಎಷ್ಟು ಟ್ಯೂನ್ ಮಾಡಿದರೂ ಮತ್ತೆ ಏರುಪೇರು. ಮೊದಲು ಹೊಸ ಸ್ಪಿಂಡಲ್ ಮಾತ್ರ ತಂದು ಹಳೇ ಬಾಡಿಯಲ್ಲಿ ತೂರಿಸಿ ನೋಡಿ. ಎಷ್ಟೋ ಸಲ ಸವೆದಿರುವುದು ಸ್ಪಿಂಡಲ್ ಮಾತ್ರ, ಆಟ ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಬಾಡಿಯ ತೂತು ದೊಡ್ಡದು ಮಾಡಿ ಬುಷ್ ಹಾಕಿಸಬೇಕು. ಇದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿ ಒಳ್ಳೆಯ ಲೇತ್ ಕೆಲಸದವರನ್ನು ವಿಚಾರಿಸಿ. ಅವರಿಗೆ ಎರಡು ಮಾತು ಖಡಾಖಂಡಿತವಾಗಿ ಹೇಳಿ. ಎರಡೂ ಬದಿಯ ತೂತನ್ನು ಒಂದೇ ಸೆಟ್ಟಿಂಗ್‌ನಲ್ಲಿ, ಒಂದೇ ನೇರಕ್ಕೆ ರೀಮರ್ ಹಾಯಿಸಬೇಕು. ಬುಷ್ ಒಳಗಡೆ ಒಂದಿಷ್ಟೂ ಚಾಚಿಕೊಂಡಿರಬಾರದು. ಇಲ್ಲದಿದ್ದರೆ ಸ್ಪಿಂಡಲ್ ಮೇಲೆ ಕೂತು ಗಾಳಿ ದಾರಿ ತೆರೆದು ಮುಚ್ಚುವ ಥ್ರಾಟಲ್ ಬಿಲ್ಲೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಸ್ಪಿಂಡಲ್ ತೆಗೆಯಲು ಬಿಲ್ಲೆಯ ಎರಡು ಪುಟ್ಟ ಸ್ಕ್ರೂ ಬಿಚ್ಚಬೇಕು. ಇಲ್ಲಿ ನಿಧಾನ. ಆ ಸ್ಕ್ರೂಗಳ ತುದಿ ಸೀಳಿ, ಬಿಚ್ಚಿಕೊಳ್ಳದಿರಲಿ ಅಂತ ಅಗಲಿಸಿರುತ್ತಾರೆ. ಮೊದಲು ಆ ತುದಿಯನ್ನು ಸಣ್ಣ ಇಕ್ಕಳದಿಂದ ಒತ್ತಿ ಸೇರಿಸಿ, ಆಮೇಲೆ ಬಿಚ್ಚಿ. ಬಿಲ್ಲೆಯ ಅಂಚು ಓರೆಯಾಗಿ ಕಡಿದಿರುವುದರಿಂದ ಯಾವ ಮುಖ ಯಾವ ಕಡೆ ಅಂತ ಗುರುತು ಹಾಕಿ. ಜೋಡಿಸುವಾಗ ಹೊಸ ಸ್ಕ್ರೂ ಹಾಕಿ, ಸಡಿಲವಿಟ್ಟು ಥ್ರಾಟಲನ್ನು ಎರಡು ಮೂರು ಸಲ ಪಟ್ಟನೆ ಮುಚ್ಚಿ. ಬಿಲ್ಲೆ ತಾನಾಗಿ ನಡುವೆ ಕೂರುತ್ತದೆ. ಬೆಳಕಿಗೆ ಹಿಡಿದು ನೋಡಿ, ಸುತ್ತ ಒಂದೇ ಸಮ ಇರಬೇಕು. ಆಮೇಲೆ ಬಿಗಿ ಮಾಡಿ, ಹೊಸ ಸ್ಕ್ರೂಗಳ ತುದಿಯನ್ನು ಮರೆಯದೆ ಅಗಲಿಸಿ. ಇದನ್ನು ಬಿಟ್ಟರೆ ಒಂದು ದಿನ ಆ ಸ್ಕ್ರೂ ಕಳಚಿ ಇನ್‌ಲೆಟ್ ಮೂಲಕ ಸಿಲಿಂಡರ್ ಒಳಗೆ ಬೀಳುತ್ತದೆ. ಆಗ ರಿಪೇರಿ ಕಾರ್ಬೊರೇಟರ್‌ನದ್ದಲ್ಲ, ಎಂಜಿನ್ನಿನದ್ದು.

ಎಲ್ಲಕ್ಕಿಂತ ಖುಷಿಯ ಕೆಲಸ ಜೆಟ್ಟನ್ನು ನಡುವಿಗೆ ತರುವುದು. ನೀಡಲ್ ಜೆಟ್ಟಿನ ಗೋಡೆಗೆ ತಾಗಬಾರದು, ಸರಿಯಾಗಿ ನಡುವೆ ಇಳಿಯಬೇಕು. ಜೆಟ್ಟಿನ ಅಡಿಯ ಅಡ್ಜಸ್ಟಿಂಗ್ ನಟ್ ತೆಗೆದು, ಅದರ ಸ್ಪ್ರಿಂಗ್ ಬದಿಗಿಟ್ಟು, ನಟ್ ಮಾತ್ರ ಪೂರ್ತಿ ಮೇಲಕ್ಕೆ ತಿರುಗಿಸಿ. ಜೆಟ್ ಪೂರ್ತಿ ಮೇಲೆ ಬರಲಿ. ಅದರ ಮೇಲಿರುವ ದೊಡ್ಡ ಲಾಕ್ ನಟ್ಟನ್ನು ಜೆಟ್ಟಿನ ಬೇರಿಂಗ್ ಬೆರಳಲ್ಲಿ ತಿರುಗುವಷ್ಟು ಮಾತ್ರ ಸಡಿಲ ಮಾಡಿ. ಪಿಸ್ಟನ್, ಡ್ಯಾಶ್‌ಪಾಟ್ ಜೋಡಿಸಿ. ಡ್ಯಾಂಪರ್ ತೂತಿನಿಂದ ಒಂದು ಪೆನ್ಸಿಲ್ ಇಳಿಸಿ ಪಿಸ್ಟನ್ನನ್ನು ಮೆಲ್ಲಗೆ ಕೆಳಗೆ ಒತ್ತಿ ಹಿಡಿಯಿರಿ. ನೀಡಲ್ ತಾನೇ ಜೆಟ್ಟನ್ನು ನಡುವಿಗೆ ತಂದುಕೊಳ್ಳುತ್ತದೆ. ಹಾಗೇ ಹಿಡಿದುಕೊಂಡು ಲಾಕ್ ನಟ್ ಬಿಗಿ ಮಾಡಿ. ಈಗ ಪಿಸ್ಟನ್ನನ್ನು ಬೆರಳಿಂದ ಎತ್ತಿ ಬಿಡಿ. ಗಾಳಿ ದಾರಿಯ ತಳದಲ್ಲಿ ಜೆಟ್ ಬಾಯಿ ಇರುವ ದಿಬ್ಬಕ್ಕೆ ಬಡಿದು 'ಟಕ್' ಅಂತ ಲೋಹದ ಸದ್ದು ಬರಬೇಕು. ಜೆಟ್ಟನ್ನು ಕೆಳಗೆ ಎಳೆದು ಮತ್ತೆ ಬಿಡಿ. ಅದೇ ಸದ್ದು, ಅಷ್ಟೇ ಗಟ್ಟಿಯಾಗಿ ಬರಬೇಕು. ಜೆಟ್ ಕೆಳಗಿದ್ದಾಗ ಮಾತ್ರ ಸದ್ದು ಚೊಕ್ಕ, ಮೇಲಿದ್ದಾಗ ಮಂಕು ಅಂದರೆ ನೀಡಲ್ ಎಲ್ಲೋ ತಾಗುತ್ತಿದೆ. ಮತ್ತೆ ಸಡಿಲ ಮಾಡಿ, ಮತ್ತೆ ಒತ್ತಿ, ಮತ್ತೆ ಬಿಗಿ ಮಾಡಿ. ಇದಕ್ಕೆ ಒಂದು ಮಧ್ಯಾಹ್ನ ಹೋದರೂ ಹೋಗಲಿ. ಆ ಸದ್ದು ಎರಡೂ ಸಲ ಒಂದೇ ಆಗುವವರೆಗೆ ಮುಂದಕ್ಕೆ ಹೋಗಬೇಡಿ. ಆದ ಮೇಲೆ ಸ್ಪ್ರಿಂಗ್ ವಾಪಸ್ ಹಾಕಿ.

ಡ್ಯಾಂಪರ್‌ಗೆ ಎಸ್‌ಎಇ 20 ಎಣ್ಣೆ. ಸಿಗದಿದ್ದರೆ ನೀವು ಎಂಜಿನ್‌ಗೆ ಹಾಕುವ 20ಡಬ್ಲ್ಯೂ-50 ನಡೆಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು, ಬೇಡ. ಡ್ಯಾಂಪರ್ ಇಳಿಸುವಾಗ ಮುಚ್ಚಳದ ಮರೆ (ಥ್ರೆಡ್) ಸೇರಲು ಇನ್ನು ಕಾಲಿಂಚು ಇದೆ ಅನ್ನುವಾಗ ಕೈಗೆ ತಡೆ ಸಿಗಬೇಕು. ಅಷ್ಟಿದ್ದರೆ ಎಣ್ಣೆ ಸರಿ.

ವಾಪಸ್ ಕೂರಿಸುವಾಗ ಕಾರ್ಬೊರೇಟರ್ ಮತ್ತು ಎಂಜಿನ್‌ಗೆ ಮಿಕ್ಸ್ಚರ್ ಒಯ್ಯುವ ಮ್ಯಾನಿಫೋಲ್ಡ್ ನಡುವಿನ ದಪ್ಪ ಬೇಕಲೈಟ್ ತುಂಡನ್ನು ಬಿಡಬೇಡಿ. ಎರಡೂ ಬದಿಗೆ ಹೊಸ ಗ್ಯಾಸ್ಕೆಟ್ ಹಾಕಿ. ಈ ಎಂಜಿನ್ನಿನಲ್ಲಿ ಸೈಲೆನ್ಸರ್‌ಗೆ ಹೋಗುವ ಮ್ಯಾನಿಫೋಲ್ಡ್ ಕೂಡ ಕಾರ್ಬೊರೇಟರ್ ಇರುವ ಬದಿಯಲ್ಲೇ ಇದೆ. ಆ ಕಾವು ನೇರ ಏರದಂತೆ ತಡೆಯುವುದೇ ಈ ತುಂಡು. ನಿಮ್ಮ ಆಗುಂಬೆ ಘಾಟಿಯ ತೊಂದರೆ ಇಲ್ಲೇ ಇದೆ. ಸೋಮೇಶ್ವರದಿಂದ ಹದಿನಾಲ್ಕು ಹೇರ್‌ಪಿನ್ ತಿರುವು ಕಡಿಮೆ ಗೇರಿನಲ್ಲಿ ಹತ್ತಿ ಸೂರ್ಯಾಸ್ತ ನೋಡಲು ನಿಲ್ಲಿಸುತ್ತೀರಿ, ಅಲ್ವಾ? ಎಂಜಿನ್ ನಿಂತ ಕೂಡಲೇ ಫ್ಯಾನ್ ಗಾಳಿ ನಿಲ್ಲುತ್ತದೆ, ಕಾವು ಮೇಲೇರುತ್ತದೆ. ಚೇಂಬರ್‌ನಲ್ಲಿನ ಪೆಟ್ರೋಲ್ ಕುದಿದು ಜೆಟ್ ಮೂಲಕ ಮ್ಯಾನಿಫೋಲ್ಡ್‌ಗೆ ಸುರಿಯುತ್ತದೆ. ಆಗ ಎಂಜಿನ್ ಪೆಟ್ರೋಲಿಲ್ಲದೆ ಅಲ್ಲ, ಪೆಟ್ರೋಲ್ ಜಾಸ್ತಿಯಾಗಿ ಸ್ಟಾರ್ಟ್ ಆಗುತ್ತಿಲ್ಲ. ಅಂಥ ಹೊತ್ತಿನಲ್ಲಿ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪದೇ ಪದೇ ಪಂಪ್ ಮಾಡಬೇಡಿ, ಒತ್ತಿ ಹಿಡಿಯಿರಿ. ಘಾಟಿ ಹತ್ತಿದ ಕೂಡಲೇ ಬಂದ್ ಮಾಡದೆ ಒಂದೆರಡು ನಿಮಿಷ ಸ್ಲೋದಲ್ಲಿ ಬಿಟ್ಟು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಹುಲಿಕಲ್ ಘಾಟಿಗೂ ಇದೇ ಮಾತು.

ಘಾಟಿಯ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಜನ ಕೇಳುತ್ತಾರೆ, ಮೇಲೆ ಬಂದಾಗ ಬೇರೆ ಟ್ಯೂನಿಂಗ್ ಬೇಕಾ ಅಂತ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರ. ಗಾಳಿ ಕರಾವಳಿಗಿಂತ ನೂರಕ್ಕೆ ಆರರಷ್ಟು ತೆಳು. ಮಿಕ್ಸ್ಚರ್ ಅದರ ಅರ್ಧದಷ್ಟು ಮಾತ್ರ ರಿಚ್ ಆಗುತ್ತದೆ. ಅದಕ್ಕೆ ಏನೂ ಮಾಡಬೇಕಿಲ್ಲ. ತೀರ್ಥಹಳ್ಳಿಯಲ್ಲಿ ಟ್ಯೂನ್ ಮಾಡಿದ ಗಾಡಿ ಉಡುಪಿಯಲ್ಲೂ ಓಡುತ್ತದೆ.

ಟ್ಯೂನಿಂಗ್ ಈಗ. ಜೆಟ್ಟನ್ನು ದಿಬ್ಬದ ಮಟ್ಟಕ್ಕೆ ಸಮವಾಗಿ ತಂದು, ಅಲ್ಲಿಂದ ಅಡ್ಜಸ್ಟಿಂಗ್ ನಟ್ಟನ್ನು ಎರಡು ಪೂರ್ತಿ ಸುತ್ತು ಕೆಳಗೆ ಇಳಿಸಿ. ಆ ನಟ್‌ಗೆ ಆರು ಮುಖ, ಹಾಗಾಗಿ ಎರಡು ಸುತ್ತು ಅಂದರೆ ಹನ್ನೆರಡು ಮುಖ. ಇದು ಶುರುವಿನ ಲೆಕ್ಕ ಮಾತ್ರ. ಚೋಕ್ ಕೇಬಲ್ ಇನ್ನೂ ಕಟ್ಟಬೇಡಿ. ಸ್ಲೋ ಸ್ಕ್ರೂವನ್ನು ತಾಗುವವರೆಗೆ ತಂದು, ಒಂದು ಒಂದೂವರೆ ಸುತ್ತು ಒಳಗೆ ಕೊಡಿ. ಏರ್ ಕ್ಲೀನರ್ ಹಾಕಿಯೇ ಗಾಡಿಯನ್ನು ನಾಲ್ಕೈದು ಕಿಲೋಮೀಟರ್ ಓಡಿಸಿ ಬನ್ನಿ. ತಣ್ಣಗಿನ ಎಂಜಿನ್‌ಗೆ ಮಾಡಿದ ಟ್ಯೂನಿಂಗ್ ಸುಮ್ನೆ ದಂಡ.

ಬಿಸಿಯಾದ ಮೇಲೆ ನಟ್ಟನ್ನು ಒಂದೊಂದೇ ಮುಖ ತಿರುಗಿಸಿ. ಮೇಲಕ್ಕೆ ಹೋದರೆ ಲೀನ್ (ಗಾಳಿಗೆ ಪೆಟ್ರೋಲ್ ಕಡಿಮೆ), ಕೆಳಗೆ ಬಂದರೆ ರಿಚ್. ಪ್ರತಿ ಸಲ ಜೆಟ್ಟನ್ನು ಬೆರಳಿಂದ ನಟ್‌ಗೆ ಒತ್ತಿ ಹಿಡಿದುಕೊಳ್ಳಿ. ಎಂಜಿನ್ ಸದ್ದು ಎಲ್ಲಿ ಅತಿ ವೇಗವಾಗಿ, ಒಂದೇ ಸಮವಾಗಿ ಬರುತ್ತದೋ ಅಲ್ಲಿ ನಿಲ್ಲಿಸಿ. ಸ್ಪೀಡ್ ಜಾಸ್ತಿ ಆಗಿದ್ದರೆ ಸ್ಲೋ ಸ್ಕ್ರೂ ಇಳಿಸಿ. ಎರಡು ಮೂರು ನಿಮಿಷಕ್ಕೊಮ್ಮೆ ಒಂದು ಸಲ ರೇಸ್ ಕೊಟ್ಟು ಮ್ಯಾನಿಫೋಲ್ಡ್ ಖಾಲಿ ಮಾಡಿ, ಇಲ್ಲದಿದ್ದರೆ ಕಿವಿ ಮೋಸ ಹೋಗುತ್ತದೆ. ಆಮೇಲೆ ಪರೀಕ್ಷೆ. ಕಾರ್ಬೊರೇಟರ್ ಬದಿಯಲ್ಲಿ ಪಿಸ್ಟನ್ ಎತ್ತಲೆಂದೇ ಇರುವ ಸಣ್ಣ ಪಿನ್ ಇದೆ. ಅದರಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಏರಿದಲ್ಲೇ ನಿಂತರೆ ರಿಚ್. ತಕ್ಷಣ ಬಿದ್ದು ನಿಲ್ಲುವ ಹಾಗಾದರೆ ಲೀನ್. ಒಂದು ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ಸೈಲೆನ್ಸರ್ ಹತ್ತಿರವೂ ಕಿವಿ ಕೊಡಿ. ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಮಿಸ್ ಆಗಿ ಕಪ್ಪು ಹೊಗೆ ಬಂದರೆ ರಿಚ್. ತಾಳ ತಪ್ಪಿ ಅಲ್ಲೊಂದು ಇಲ್ಲೊಂದು ಮಿಸ್ ಆದರೆ ಲೀನ್.

ಕೊನೆಗೆ ಚೋಕ್ ಕೇಬಲ್ ಕಟ್ಟುವಾಗ ಒಂದೂವರೆ ಮಿಲಿಮೀಟರ್‌ನಷ್ಟು ಸಡಿಲ ಬಿಡಿ. ಚೋಕ್ ಗುಂಡಿ ಪೂರ್ತಿ ಒಳಗಿದ್ದಾಗ ಜೆಟ್ ತನ್ನ ನಟ್‌ಗೆ ಕೂತಿರಲೇಬೇಕು.

ಈಗ ಇವತ್ತಿನ ಪೆಟ್ರೋಲಿನ ವಿಷಯ. ನೂರಕ್ಕೆ ಇಪ್ಪತ್ತು ಎಥೆನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಈಗ ಬಂಕ್‌ನಲ್ಲಿ ಸಿಗುವುದು ಬಹುತೇಕ ಅದೇ. ಬರೀ ಪೆಟ್ರೋಲ್ ಒಂದು ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇ20ಕ್ಕೆ ಸುಮಾರು 13.5 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಪೆಟ್ರೋಲ್ ಕೊಡಬೇಕು. ನಿಮ್ಮ ದೊಡ್ಡಪ್ಪನವರ ಕಾಲದ ಸೆಟ್ಟಿಂಗ್ ಇವತ್ತು ಲೀನ್ ಆಗಿರುತ್ತದೆ. ಮೇಲೆ ಹೇಳಿದ ಪರೀಕ್ಷೆ ಮಾಡಿದಾಗ ನಟ್ ಹಳೇ ಲೆಕ್ಕಕ್ಕಿಂತ ಒಂದು ಮೂರು ಮುಖ ಕೆಳಗೇ ನಿಂತರೆ ಆಶ್ಚರ್ಯ ಪಡಬೇಡಿ. ಪುಸ್ತಕದ ಲೆಕ್ಕಕ್ಕಿಂತ ಎಂಜಿನ್ನಿನ ಸದ್ದನ್ನು ನಂಬಿ. ಓಡಿಸಿ ಬಂದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಮಸಿ ಹಿಡಿದಿದ್ದರೆ ರಿಚ್. ಸುಣ್ಣದಂತೆ ಬಿಳುಚಿ, ಘಾಟಿಯಲ್ಲಿ ಎಂಜಿನ್ ಬಿಸಿಯಾಗುತ್ತಿದ್ದರೆ ಲೀನ್. ಹಿಂದಿನವರು ಹೇಳುವ ಕಾಫಿ ಬಣ್ಣ ಈಗಿನ ಪೆಟ್ರೋಲಿನಲ್ಲಿ ಸುಲಭಕ್ಕೆ ಬರುವುದಿಲ್ಲ, ತಿಳಿ ಕಂದು ಇದ್ದರೆ ಸಾಕು. ಲೀನ್ ಆಗಿ ಘಾಟಿ ಹತ್ತಿಸುವುದಕ್ಕಿಂತ ಕೂದಲೆಳೆಯಷ್ಟು ರಿಚ್ ಇರುವುದು ಒಳ್ಳೆಯದು. ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋದರೂ ವಾಲ್ವ್ ಸುಡುವುದಿಲ್ಲ.

ಎಥೆನಾಲ್‌ಗೆ ನೀರನ್ನು ಎಳೆದುಕೊಳ್ಳುವ ಗುಣ ಇದೆ. ನೀರು ಒಂದು ಮಿತಿ ದಾಟಿದರೆ ಎಥೆನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಮೊದಲು ಎಳೆಯುವುದು ಆ ತಳದ್ದನ್ನೇ. ನಮ್ಮ ಮಳೆಗಾಲದಲ್ಲಿ ಇದು ದೊಡ್ಡ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಜಾಸ್ತಿ ಹೊರಗೆ ತೆಗೆಯದಿದ್ದರೆ ಟ್ಯಾಂಕನ್ನು ಅರ್ಧ ಇಡಬೇಡಿ. ಖಾಲಿ ಜಾಗದ ಗಾಳಿಯಲ್ಲಿರುವ ಪಸೆಯೇ ರಾತ್ರಿ ನೀರಾಗಿ ಇಳಿಯುತ್ತದೆ. ತುಂಬಿಸಿ ಇಡಿ, ಇಲ್ಲವೇ ಪೂರ್ತಿ ಇಳಿಸಿ. ಎರಡು ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ಅದೂ ಆಗದಿದ್ದರೆ ಪೆಟ್ರೋಲ್ ಪೈಪ್ ಬಿಚ್ಚಿ, ಚೇಂಬರ್ ಖಾಲಿ ಮಾಡಿ, ಮುಚ್ಚಳದ ನಳಿಗೆಗೆ ಸಣ್ಣ ಜಾಲರಿ ಬಟ್ಟೆ ಕಟ್ಟಿಡಿ. ಗಾಳಿ ಆಡುತ್ತದೆ, ಕಡಜ ಒಳಗೆ ಹೋಗುವುದಿಲ್ಲ. ಕಿಟ್ ತರಿಸುವಾಗ ಒಂದು ಫ್ಲೋಟ್ ನೀಡಲ್ ಸೀಟು ಜಾಸ್ತಿಯೇ ತರಿಸಿ, ಡ್ಯಾಂಪರ್ ಎಣ್ಣೆಯ ಸಣ್ಣ ಬಾಟಲಿ ಜೊತೆ ಗಾಡಿಯಲ್ಲೇ ಇಟ್ಟಿರಿ.